ಮೊಣಕಾಲುದ್ದ ನೀರಿನ ಜಗಳ

ಸಮುದ್ರ ಅಂದ್ರೆ ಎಲ್ಲಿಗೂ ಹೋಗದ ವಸ್ತು ಅಂತ ನಾವು ಬಯಲುಸೀಮೆಯವರು ಅಂದುಕೊಂಡಿರ್ತೀವಿ. ಕೆರೆ ಬತ್ತುತ್ತೆ, ಹೊಳೆ ಬತ್ತುತ್ತೆ, ಕಡಲು ಬತ್ತೋದುಂಟಾ? ಉಂಟು. ಅಮೆರಿಕದ ಫ್ಲೋರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿಯ ತನಕ, ಕೆಲವು ದಿನ ಬೆಳಗ್ಗೆ ಎದ್ದು ನೋಡಿದರೆ ನಿನ್ನೆ ನೀರಿದ್ದ ಕಡೆ ಹಸಿರು ಹುಲ್ಲಿನ ಬಯಲು ಕಾಣುತ್ತೆ. ಮನೆ ಹಿಂದಿನ ಕಟ್ಟೆಗೆ ಕಟ್ಟಿದ ಲಕ್ಷಾಂತರ ಡಾಲರಿನ ಮೋಟಾರು ದೋಣಿಗಳು ಕೆಸರಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ಮಲಗಿರುತ್ತವೆ. ಕೊಕ್ಕರೆಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ.

ಕಾರಣ ಒಂದಲ್ಲ, ಮೂರು ಸೇರಿ ಹೀಗಾಗುತ್ತೆ. ಅಮಾವಾಸ್ಯೆ ಹುಣ್ಣಿಮೆ ಹತ್ತಿರದ ದೊಡ್ಡ ಇಳಿತ ಒಂದು. ಆ ಕರಾವಳಿಯಲ್ಲಿ ಚಳಿಗಾಲದ ಅತಿ ದೊಡ್ಡ ಇಳಿತಗಳು ಬೆಳಗಿನ ಹೊತ್ತು ಬರುತ್ತವೆ, ಬೇಸಿಗೆಯವು ರಾತ್ರಿ. ಎರಡನೆಯದು, ತಣ್ಣಗಾದ ನೀರು ಕುಗ್ಗುತ್ತೆ. ಸೆಪ್ಟೆಂಬರ್‌ಗೆ ಹೋಲಿಸಿದರೆ ಜನವರಿಯಲ್ಲಿ ಸಮುದ್ರದ ಸರಾಸರಿ ಮಟ್ಟವೇ ಸುಮಾರು ಅರ್ಧ ಅಡಿ ಕೆಳಗಿರುತ್ತೆ. ಮೂರನೆಯದೇ ಮುಖ್ಯ. ಉತ್ತರದಿಂದ ಶೀತಗಾಳಿ ನುಗ್ಗಿ ಬಂದಾಗ ಅದು ಕೊಲ್ಲಿಯ ನೀರನ್ನೇ ಆಚೆ ತಳ್ಳಿಬಿಡುತ್ತೆ. ತಟ್ಟೆಯಲ್ಲಿ ಆರಲು ಬಿಟ್ಟ ಸಾರನ್ನು ಊದಿದ ಹಾಗೆ. ತಟ್ಟೆ ಅಂತ ಸುಮ್ಮನೆ ಅಂದಿದ್ದಲ್ಲ. ಟ್ಯಾಂಪಾ ಕೊಲ್ಲಿಯ ವಿಸ್ತಾರ ಸಾವಿರ ಚದರ ಕಿಲೋಮೀಟರ್, ಅಂದರೆ ನಮ್ಮ ಹಿಂದಿನ ಬಿಬಿಎಂಪಿ ವ್ಯಾಪ್ತಿಯನ್ನ ಇಡಿಯಾಗಿ ಮುಳುಗಿಸಿದರೂ ಜಾಗ ಮಿಗುತ್ತೆ. ಸರಾಸರಿ ಆಳ ಮಾತ್ರ ಸುಮಾರು 12 ಅಡಿ. ಹಡಗು ಬರಲೆಂದು ಅಗೆದ ಕಾಲುವೆ ಬಿಟ್ಟರೆ ಮಿಕ್ಕಿದ್ದೆಲ್ಲ ತಟ್ಟೆಯೇ.

ನೀರು ಹೋದಮೇಲೆ ಮೀನು ಎಲ್ಲಿ ಹೋಗಬೇಕು? ಹುಲ್ಲಿನ ನಡುವೆ ಅಲ್ಲಲ್ಲಿ ಮರಳಿನ ಗುಂಡಿಗಳಿರುತ್ತವೆ, ಸೊಂಟದುದ್ದ, ಕೆಲವೊಮ್ಮೆ ಮೊಣಕಾಲುದ್ದ ನೀರು ಉಳಿದಿರುವಂಥವು. ಮೀನೆಲ್ಲ ಅಲ್ಲಿಗೇ ಬಂದು ಸೇರಿಕೊಳ್ಳುತ್ತೆ. ಬೇಸಿಗೆಯಲ್ಲಿ ಕೆರೆ ಬತ್ತುವಾಗ ತೂಬಿನ ಹತ್ತಿರದ ಗುಂಡಿಗೆ ಮೀನು ಸೇರೋದನ್ನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಂದರೆ ಏನಂದರೆ, ಅಲ್ಲಿಗೆ ಮೋಟಾರು ದೋಣಿ ಹೋಗಲ್ಲ. ನಡೆದು ಹೋಗೋಣ ಅಂದ್ರೆ ಕೆಸರು, ಬ್ಲೇಡಿನಂಥ ಸಿಂಪಿ. ನಾಲ್ಕೈದು ಇಂಚು ನೀರಿದ್ದರೆ ಸಾಕು ಅನ್ನೋ ಒಂದೇ ವಾಹನ ಅಂದರೆ ಕಯಾಕ್. ಆಫೀಸಿನ ಕೆಲಸದ ಮೇಲೆ ಒಂದು ಚಳಿಗಾಲ ನಾನು ಆ ಊರಲ್ಲಿದ್ದೆ. ಶನಿವಾರ ಬೆಳಗ್ಗೆ ಕಾರಿನ ತಲೆ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ದೋಣಿ ಕಟ್ಟಿಕೊಂಡು ಹೋಗುವವರನ್ನು ಲೆಕ್ಕ ಇಟ್ಟರೆ ಮುಗಿಯುತ್ತಿರಲಿಲ್ಲ. ಅವರಲ್ಲಿ ಅರ್ಧ ಜನ ನಮ್ಮ ಥರದವರೇ. ಐಟಿ, ಬ್ಯಾಂಕು, ಇನ್ಶೂರೆನ್ಸು. ವಾರವೆಲ್ಲ ಸ್ಕ್ರೀನು, ವಾರಾಂತ್ಯಕ್ಕೆ ಪ್ರಕೃತಿ.

ನೋಡೋದಕ್ಕೆ ಇದರಷ್ಟು ಪಾಪದ ಹವ್ಯಾಸ ಇನ್ನೊಂದಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಒಂದು ಗಾಳ, ಒಂದು ಹುಟ್ಟು. ಆದರೆ ಆ ಮೊಣಕಾಲುದ್ದ ನೀರಿಗೆ, ಆ ದೋಣಿಗೆ, ಆ ಮೀನಿಗೆ ಮೂರಕ್ಕೂ ಒಂದೊಂದು ಕತೆಯಿದೆ. ಒಂದೂ ಪಾಪದ್ದಲ್ಲ.

ದೋಣಿಯಿಂದಲೇ ಶುರು ಮಾಡೋಣ. ಕಯಾಕ್ ಅನ್ನೋದು ಆರ್ಕ್ಟಿಕ್ ಪ್ರದೇಶದ ಇನ್ಯೂಟ್ ಜನರ ಮಾತು, ಅವರ ಬಾಯಲ್ಲಿ 'ಕಯಾಕ್' ಗಂಟಲೊಳಗಿಂದ ಬರುತ್ತೆ. ಮರವೇ ಬೆಳೆಯದ ನಾಡಲ್ಲಿ, ಕಡಲು ತಂದು ದಡಕ್ಕೆ ಬಿಸಾಡಿದ ಕಟ್ಟಿಗೆಯಿಂದ ಚೌಕಟ್ಟು ಮಾಡಿ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಹೊಲಿಯುತ್ತಿದ್ದರು. ಹೊಲಿಗೆ ಹೆಂಗಸರ ಕೆಲಸ. ಒಂದು ಹನಿ ನೀರು ಒಳಗೆ ಬಂದರೂ ಆ ಚಳಿಯಲ್ಲಿ ಗಂಡ ಮನೆಗೆ ಬರಲ್ಲ. ಅಳತೆ ಟೇಪಿನದ್ದಲ್ಲ, ದೋಣಿ ನಡೆಸುವವನ ಮೈಯದ್ದೇ: ಅವನ ಮೊಳ, ಗೇಣು, ಚಾಚಿದ ಕೈ. ಒಬ್ಬನ ಅಂಗಿ ಇನ್ನೊಬ್ಬನಿಗೆ ಆಗದ ಹಾಗೆ ಒಬ್ಬನ ದೋಣಿ ಇನ್ನೊಬ್ಬನಿಗೆ ಆಗುತ್ತಿರಲಿಲ್ಲ. (ಚರ್ಮದ ದೋಣಿ ಅಂದಾಗ ನಮಗೆ ಹರಿಗೋಲು ನೆನಪಾಗಬೇಕು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿ ಹತ್ತಿರ ಜನ ಬುಟ್ಟಿಯಂಥ ದುಂಡನೆ ದೋಣಿಯಲ್ಲಿ ಹೊಳೆ ದಾಟುತ್ತಿದ್ದುದನ್ನು, ಅದರ ಹೊರಮೈಗೆ ಚರ್ಮ ಹೊದಿಸಿದ್ದನ್ನು ಬರೆದಿಟ್ಟಿದ್ದಾನೆ. ಮನುಷ್ಯನ ಬುದ್ಧಿ ಹಿಮದಲ್ಲೂ ಬಿಸಿಲಲ್ಲೂ ಒಂದೇ ದಾರಿ ಹಿಡಿಯುತ್ತೆ ಅಂತ ಕಾಣುತ್ತೆ.)

ಈ ದೋಣಿ ಹೊರಗಿನವರ ಕಣ್ಣಿಗೆ ಬಿದ್ದದ್ದೇ ಅಲಾಸ್ಕಾದ ಪಶ್ಚಿಮಕ್ಕಿರುವ ಅಲ್ಯೂಷಿಯನ್ ದ್ವೀಪಗಳ ಉನಂಗನ್ ಜನರಿಗೆ ಶನಿಕಾಟ ಆಯಿತು. 1742ರಲ್ಲಿ ಬೇರಿಂಗ್‌ನ ಹಡಗಿನವರು ಆ ಕಡೆಯಿಂದ ರಷ್ಯಾಕ್ಕೆ ಮರಳುವಾಗ ಕಡಲ ನೀರುನಾಯಿಯ ತುಪ್ಪಳ ತಂದರು. ಚೀನಾದಲ್ಲಿ ಅದಕ್ಕೆ ಚಿನ್ನದ ಬೆಲೆ. ಆದರೆ ನೀರುನಾಯಿಯನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವ ವಿದ್ಯೆ ರಷ್ಯನ್ನರಿಗೆ ಗೊತ್ತಿರಲಿಲ್ಲ, ಕಯಾಕಿನಲ್ಲಿ ಕೂತ ಉನಂಗನ್ ಗಂಡಸರಿಗೆ ಗೊತ್ತಿತ್ತು. ಹೆಂಗಸರು ಮಕ್ಕಳನ್ನು ಒತ್ತೆ ಇಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಿದರು. 1799ರಲ್ಲಿ ಇದಕ್ಕೇ ಒಂದು ಕಂಪನಿಯೂ ಆಯಿತು, 1812ರಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ರಾಸ್‌ನಲ್ಲಿ ಠಾಣೆ ಹಾಕಿದಾಗ ಅಲ್ಲಿಗೂ ಈ ಬೇಟೆಗಾರರನ್ನು ಅವರವರ ದೋಣಿ ಸಮೇತ ಒಯ್ದರು. 1911ರ ಅಂತರರಾಷ್ಟ್ರೀಯ ಒಪ್ಪಂದ ಬೇಟೆ ನಿಲ್ಲಿಸುವ ಹೊತ್ತಿಗೆ ಲಕ್ಷಗಟ್ಟಲೆ ಇದ್ದ ನೀರುನಾಯಿ ಒಂದೆರಡು ಸಾವಿರಕ್ಕೆ ಬಂದಿತ್ತು. ಉನಂಗನ್ ಜನರ ಸಂಖ್ಯೆಯೂ ಹಾಗೇ ಕುಸಿದಿತ್ತು. ಸದ್ದಿಲ್ಲದ ದೋಣಿ ಅಂತ ಈಗ ಹೊಗಳುತ್ತೇವಲ್ಲ, ಆ ಸದ್ದಿಲ್ಲದಿರುವ ಗುಣವೇ ಅವತ್ತು ಉರುಳಾಯಿತು.

ಆಮೇಲಿನ ಕತೆ ಬೇಗ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ 1907ರಿಂದ ರೋಸನ್‌ಹೈಮ್ ಊರಿನ ದರ್ಜಿ ಯೊಹಾನ್ ಕ್ಲೆಪ್ಪರ್ ಮಡಚಿ ರೈಲಿನಲ್ಲಿ ಒಯ್ಯಬಹುದಾದ ಕಯಾಕ್ ಮಾಡಿ ಮಾರಿದ. ಅಂಥದೇ ಒಂದು ಮಡಚುವ ದೋಣಿ ಹತ್ತಿ ಆಸ್ಕರ್ ಸ್ಪೆಕ್ ಅನ್ನುವ ಕೆಲಸವಿಲ್ಲದ ಹುಡುಗ 1932ರಲ್ಲಿ ಜರ್ಮನಿಯ ಉಲ್ಮ್‌ನಿಂದ ಹೊರಟು, ನಮ್ಮ ಪಶ್ಚಿಮ ಕರಾವಳಿಗುಂಟ ಹುಟ್ಟು ಹಾಕುತ್ತಾ ಸಿಲೋನ್ ಸುತ್ತಿ, ಏಳು ವರ್ಷ ಆದಮೇಲೆ 1939ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸೈಬಾಯಿ ದ್ವೀಪ ತಲುಪಿದ. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿತ್ತು. ಪೊಲೀಸರು ಕೈ ಕುಲುಕಿದರಂತೆ, ಆಮೇಲೆ ಶತ್ರುದೇಶದವನು ಅಂತ ಹಿಡಿದು ಒಳಗೆ ಹಾಕಿದರು. ಇದರ ಮೇಲೆ ಯಾರಾದರೂ ಒಂದು ಸಿನಿಮಾ ಮಾಡಬೇಕು.

ಇನ್ನು ಚಳಿಗಾಲದ ಇಳಿತಕ್ಕೆ ಹೋಗುವ ಪ್ಲಾಸ್ಟಿಕ್ ದೋಣಿ. ಅದು ಚರ್ಮದ ಕಯಾಕಿನ ನೇರ ಮಗುವಲ್ಲ, ಸರ್ಫ್‌ಬೋರ್ಡಿನ ಮಗು. ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಟಿಮ್ ನೀಮಿಯರ್ ಅನ್ನುವವನು 1971ರಲ್ಲಿ ಒಂದು ಸರ್ಫ್‌ಬೋರ್ಡನ್ನು ಕೊರೆದು, ಕೂರೋದಕ್ಕೆ ಗುಳಿ ಮಾಡಿಕೊಂಡ. ಒಳಗೆ ಕೂರುವುದಲ್ಲ, ಮೇಲೆ ಕೂರುವುದು. ಮಗುಚಿದರೆ ಮತ್ತೆ ಹತ್ತಿಕೊಂಡರಾಯಿತು, ವಿದ್ಯೆ ಬೇಕಿಲ್ಲ. ಮುಂದೆ ನೀರಿನ ಟ್ಯಾಂಕ್ ಮಾಡುವ ರೀತಿಯಲ್ಲೇ, ಅಂದರೆ ಅಚ್ಚಿನಲ್ಲಿ ಪ್ಲಾಸ್ಟಿಕ್ ಪುಡಿ ಹಾಕಿ ಬಿಸಿ ಮಾಡಿ ತಿರುಗಿಸಿ, ಇವನ್ನು ಸಾವಿರಗಟ್ಟಲೆ ತಯಾರಿಸಿದರು. ಹೌದು, ನಮ್ಮ ಮನೆ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕಿಗೂ ಅದಕ್ಕೂ ಹುಟ್ಟಿದ ಮನೆ ಒಂದೇ. 1997ರಲ್ಲಿ ಹೋಬಿ ಕಂಪನಿ ಸೈಕಲ್ಲಿನ ಹಾಗೆ ಕಾಲಲ್ಲಿ ತುಳಿಯುವ ಕಯಾಕ್ ತಂದಿತು. ಎರಡೂ ಕೈ ಗಾಳಕ್ಕೆ ಖಾಲಿ.

ಈಗ ನೀರಿನ ಕತೆ.

ಸ್ಪೇನಿನವರು ಫ್ಲೋರಿಡಾಕ್ಕೆ ಬಂದಾಗ ಆ ರಾಜ್ಯದ ನೈಋತ್ಯ ಕರಾವಳಿ ಕಲೂಸಾ ಜನರದ್ದು. ನನಗೆ ಇವರ ವಿಷಯ ಗೊತ್ತಾದಾಗ ತಲೆ ಒಂದು ಸುತ್ತು ತಿರುಗಿತ್ತು. ರಾಜ, ಸೈನ್ಯ, ಕಪ್ಪಕಾಣಿಕೆ, ದೊಡ್ಡ ಕಟ್ಟಡ ಇವೆಲ್ಲ ವ್ಯವಸಾಯ ಬಂದಮೇಲೆ ಬಂದವು ಅಂತ ನಾವೆಲ್ಲ ಸ್ಕೂಲಲ್ಲಿ ಓದಿದ್ದಲ್ವಾ? ಕಲೂಸಾ ಜನ ಹೊಲ ಉಳಲಿಲ್ಲ. ಆದರೂ ಅವರಿಗೊಬ್ಬ ರಾಜನಿದ್ದ, ಸುತ್ತಲಿನ ಊರುಗಳು ಅವನಿಗೆ ಕಪ್ಪ ಕೊಡುತ್ತಿದ್ದವು. ಎಲ್ಲ ನಿಂತಿದ್ದು ಆ ಮೊಣಕಾಲುದ್ದ ನೀರಿನ ಮೇಲೆ. ಎಸ್ಟೆರೊ ಕೊಲ್ಲಿಯ ಮೌಂಡ್ ಕೀ ಅನ್ನುವ ಅವರ ರಾಜಧಾನಿ, ತಿಂದು ಬಿಸಾಡಿದ ಚಿಪ್ಪಿನ ಮೇಲೇ ಕಟ್ಟಿದ ದ್ವೀಪ. ಅಲ್ಲಿ ಚಿಪ್ಪಿನ ಗೋಡೆ ಎಬ್ಬಿಸಿದ ದೊಡ್ಡ ದೊಡ್ಡ ಕೊಳಗಳಿವೆ. ಒಂದರ ವಿಸ್ತಾರ ಸುಮಾರು 36,000 ಚದರ ಅಡಿ. ಉಬ್ಬರದಲ್ಲಿ ಮೀನನ್ನು ಒಳಗೆ ಹೊಗಿಸಿ, ಬಾಯಿ ಮುಚ್ಚಿ, ಬೇಕಾದಾಗ ಹಿಡಿಯುವ ಜೀವಂತ ಗೋದಾಮುಗಳಿವು ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ನಾವು ಕಣಜದಲ್ಲಿ ರಾಗಿ ತುಂಬಿದ ಹಾಗೆ ಅವರು ಮೀನು ತುಂಬಿದರು. ಬಲೆ? ಇತ್ತು. 1896ರಲ್ಲಿ ಫ್ರಾಂಕ್ ಕುಶಿಂಗ್ ಎಂಬ ಸಂಶೋಧಕ ಕೀ ಮಾರ್ಕೊದ ಕೆಸರು ಅಗೆದಾಗ ತಾಳೆನಾರಿನ ಬಲೆ, ಮರದ ತೇಲುಗುಂಡು, ಚಿಪ್ಪಿನ ತೂಕಗುಂಡು ಎಲ್ಲ ಸಿಕ್ಕವು.

1566ರಲ್ಲಿ ಸ್ಪೇನಿನ ಮೆನೆಂಡೆಸ್ ಈ ರಾಜನನ್ನು ಕಂಡ. ಮುಂದಿನ ಇನ್ನೂರು ವರ್ಷದಲ್ಲಿ ರೋಗ, ಯುದ್ಧ, ಗುಲಾಮಗಿರಿಗೆ ಹಿಡಿಯುವವರ ದಾಳಿ ಸೇರಿ ಕಲೂಸಾ ಅನ್ನುವ ಹೆಸರೇ ಅಳಿಸಿಹೋಯಿತು. ಖಾಲಿಯಾದ ನೀರಿಗೆ ಕ್ಯೂಬಾದ ಬೆಸ್ತರು ಬಂದರು. ಪ್ರತಿ ಚಳಿಗಾಲ ಬಂದು ದಂಡೆಯಲ್ಲಿ ಗುಡಿಸಲು ಹಾಕಿ, ಮಲೆಟ್ ಮೀನು ಹಿಡಿದು, ಉಪ್ಪು ಹಾಕಿ ಒಣಗಿಸಿ ಹವಾನಾಕ್ಕೆ ಒಯ್ಯುತ್ತಿದ್ದರು. ಕ್ರೈಸ್ತರ ನಲವತ್ತು ದಿನದ ಉಪವಾಸಕ್ಕೆ ಅಲ್ಲಿ ಮಾಂಸ ವರ್ಜ್ಯ, ಮೀನಿಗೆ ಗಿರಾಕಿ. ಚಳಿಗಾಲವೇ ಯಾಕೆ ಅಂದರೆ, ಮಲೆಟ್ ಮೊಟ್ಟೆ ತುಂಬಿಕೊಂಡು ಹಿಂಡುಗಟ್ಟಿ ಕಡಲಿಗೆ ಹೊರಡುವುದು ಆಗಲೇ. ಗಾಳಿ ಉತ್ತರಕ್ಕೆ ತಿರುಗಿ ನೀರು ಇಳಿಯುವುದನ್ನೇ ಅದು ಕಾಯುತ್ತಿರುತ್ತೆ. ಈ ಕ್ಯೂಬನ್ನರಲ್ಲಿ ಅನೇಕರು ಅಲ್ಲಿನ ಮೂಲನಿವಾಸಿ ಹೆಂಗಸರನ್ನು ಮದುವೆಯಾಗಿ ಮಕ್ಕಳುಮರಿ ಮಾಡಿಕೊಂಡು ಉಳಿದರು. 1835ರಲ್ಲಿ ಸೆಮಿನೋಲ್ ಯುದ್ಧ ಶುರುವಾಯಿತು. ಅಮೆರಿಕದ ಸೈನ್ಯ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಅಟ್ಟಿದಾಗ ಈ ಬೆಸ್ತರ ಹೆಂಡತಿ ಮಕ್ಕಳನ್ನೂ ಬಿಡಲಿಲ್ಲ. ನೀರು ಮತ್ತೆ ಖಾಲಿ.

ಆಮೇಲೆ ಬಂದವರೇ ಕಾರ್ಟೆಜ್ ಊರಿನವರು. 1880ರ ದಶಕದಲ್ಲಿ ಉತ್ತರ ಕೆರೊಲಿನಾದ ಕಾರ್ಟರೆಟ್ ಕೌಂಟಿಯಿಂದ ಕೆಲವು ಬೆಸ್ತರ ಕುಟುಂಬಗಳು ಟ್ಯಾಂಪಾ ಕೊಲ್ಲಿಯ ದಕ್ಷಿಣಕ್ಕೆ ಬಂದು ನೆಲೆ ನಿಂತವು. ಅವರ ಜೀವಾಳವೂ ಅದೇ ಮಲೆಟ್, ಅದೇ ಚಳಿಗಾಲ. 1930ರ ಮಹಾಕುಸಿತದ ಕಾಲದಲ್ಲಿ ಸರ್ಕಾರದ ಒಂದು ಕಾಸಿಗೂ ಕೈ ಚಾಚದ ಊರು ನಮ್ಮದು ಅಂತ ಅವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. 1970ರ ದಶಕದಿಂದ ಒಂದು ಹೊಸ ಗಿರಾಕಿ ಸಿಕ್ಕಿತು. ಮಲೆಟ್‌ನ ಮೊಟ್ಟೆಗೆ ಜಪಾನ್, ತೈವಾನ್‌ನಿಂದ ಬೇಡಿಕೆ. ಅಷ್ಟರಲ್ಲಿ ಹತ್ತಿಯ ಬಲೆ ಹೋಗಿ ನೀರಲ್ಲಿ ಕಣ್ಣಿಗೇ ಕಾಣದ ನೈಲಾನ್ ಗಿಲ್‌ನೆಟ್ ಬಂದಿತ್ತು. ಮೀನು ತಲೆ ತೂರಿಸುತ್ತೆ, ಕಿವಿರು ಸಿಕ್ಕಿಕೊಳ್ಳುತ್ತೆ, ಹಿಂದೆಯೂ ಹೋಗಲಾಗದು ಮುಂದೆಯೂ ಹೋಗಲಾಗದು. ಮೊಟ್ಟೆಯಿರುವ ಹೆಣ್ಣು ಮೀನನ್ನೇ ಹುಡುಕಿ ಹಿಡಿದರೆ ಮೀನಿನ ಸಂತತಿಗೆ ಏನಾಗುತ್ತೆ ಅಂತ ಹೇಳೋದಕ್ಕೆ ವಿಜ್ಞಾನಿ ಬೇಕಿಲ್ಲ. ಮೀನು ಕಮ್ಮಿಯಾಯಿತು. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣಲ್ಲ.

ಇಲ್ಲಿಗೆ ಮೂರನೇ ಕತೆ ಬಂದು ಸೇರಿಕೊಳ್ಳುತ್ತೆ. ಗಾಳದವರ ಮೆಚ್ಚಿನ ಮೀನು ರೆಡ್‌ಫಿಶ್, ತಾಮ್ರದ ಬಣ್ಣ, ಬಾಲದ ಬುಡದಲ್ಲಿ ದೃಷ್ಟಿಬೊಟ್ಟಿನಂಥ ಕಪ್ಪು ಚುಕ್ಕೆ. 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಪಾಲ್ ಪ್ರುಡಾಮ್ ಅನ್ನುವ ಬಾಣಸಿಗ ಹೋಟೆಲು ತೆರೆದ. ರೆಡ್‌ಫಿಶ್ ತುಂಡನ್ನು ಬೆಣ್ಣೆಯಲ್ಲಿ ಅದ್ದಿ, ಖಾರದ ಪುಡಿ ಸವರಿ, ಕೆಂಪಗೆ ಕಾದ ಕಬ್ಬಿಣದ ಕಾವಲಿ ಮೇಲೆ ಹೊಗೆಯೇಳುವ ಹಾಗೆ ಕರಿಕು ಮಾಡಿ ಬಡಿಸಿದ. ಅಮೆರಿಕಕ್ಕೆ ಹುಚ್ಚು ಹಿಡಿಯಿತು. ನಮ್ಮಲ್ಲಿ ಗೋಬಿ ಮಂಚೂರಿ ಬೀದಿಬೀದಿಗೆ ಬಂದಿತಲ್ಲ ಹಾಗೆ, ಆದರೆ ಹೂಕೋಸು ಮತ್ತೆ ಬೆಳೆಯಬಹುದು. ರೆಡ್‌ಫಿಶ್ ಮೊದಲ ಮೂರ್ನಾಲ್ಕು ವರ್ಷ ಆಳವಿಲ್ಲದ ಹುಲ್ಲಿನಲ್ಲಿ ಬೆಳೆದು, ಆಮೇಲೆ ಆಳಕ್ಕೆ ಹೋಗಿ ಮೂವತ್ತು ವರ್ಷ ಮೀರಿಯೂ ಬದುಕುವ ಮೀನು. ದೊಡ್ಡ ದೊಡ್ಡ ಬಲೆ ಹಾಕಿ ಆ ಮುದಿ ತಾಯಂದಿರ ಹಿಂಡನ್ನೇ ಎತ್ತಿದರು. ಟೆಕ್ಸಸ್ 1981ರಲ್ಲೇ ರೆಡ್‌ಫಿಶ್ ಹಿಡಿದು ಮಾರುವುದನ್ನು ನಿಷೇಧಿಸಿತ್ತು. 1986ರಲ್ಲಿ ಕೇಂದ್ರ ಸರ್ಕಾರ ಕೈ ಹಾಕಿತು, ಆ ದಶಕ ಮುಗಿಯುವಷ್ಟರಲ್ಲಿ ಫ್ಲೋರಿಡಾದಲ್ಲೂ ಮಾರಾಟ ನಿಂತಿತು. ಈಗ ಗಾಳದವರೂ 18ರಿಂದ 27 ಇಂಚಿನ ಒಳಗಿನದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಅದಕ್ಕಿಂತ ದೊಡ್ಡದು ತಾಯಿ, ಬಿಡಬೇಕು. ಇದು ಒಳ್ಳೆ ನಿಯಮ.

ಆದರೆ ಗಾಳದವರಿಗೆ ಒಂದು ಗೆಲುವಿನ ರುಚಿ ಹತ್ತಿತು. ಟೆಕ್ಸಸ್‌ನ ಹೋರಾಟದ ಹಿಂದೆ 1977ರಲ್ಲಿ ಹೂಸ್ಟನ್‌ನಲ್ಲಿ ಗಾಳದವರೇ ಕಟ್ಟಿದ ಸಂಘ ಇತ್ತು, ದುಡ್ಡಿತ್ತು, ವಕೀಲರಿದ್ದರು. ಫ್ಲೋರಿಡಾದಲ್ಲಿ ಕ್ರೀಡಾ ಮೀನುಗಾರಿಕೆಯ ಪತ್ರಿಕೆಯೊಂದರ ನೇತೃತ್ವದಲ್ಲಿ ಬಲೆಗಳನ್ನೇ ನಿಷೇಧಿಸಬೇಕು ಅನ್ನುವ ಚಳವಳಿ ಎದ್ದಿತು. ವಿಧಾನಸಭೆ ಒಪ್ಪಲಿಲ್ಲ ಅಂತ ಸಹಿ ಸಂಗ್ರಹಿಸಿ, ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತರುವ ಪ್ರಶ್ನೆಯನ್ನು ಜನರ ಮುಂದಿಟ್ಟರು. ಬಲೆಗೆ ಸಿಕ್ಕಿ ಸತ್ತ ಆಮೆ, ಡಾಲ್ಫಿನ್‌ಗಳ ಚಿತ್ರ ಟಿವಿಯಲ್ಲಿ ಬಂತು. ಬೆಸ್ತರು, ನಮ್ಮ ಬಲೆಗೆ ಅವು ಬೀಳುವುದಿಲ್ಲ, ಅವು ಬೇರೆ ಥರದ ಬಲೆ ಅಂದರು. ಯಾರು ಕೇಳ್ತಾರೆ? ಮತ ಹಾಕುವವರಲ್ಲಿ ಹೆಚ್ಚಿನವರು ಓರ್ಲಾಂಡೊ, ಮಯಾಮಿಯಂಥ ಪೇಟೆಯವರು; ಅವರಿಗೆ ಬೆಸ್ತರ ಮುಖಪರಿಚಯವೇ ಇರಲಿಲ್ಲ. 1994ರ ನವೆಂಬರ್‌ನಲ್ಲಿ ಶೇಕಡಾ 72 ಮತ ನಿಷೇಧದ ಪರ ಬಿತ್ತು. 1995ರ ಜುಲೈ 1ರಿಂದ ರಾಜ್ಯದ ಕಡಲಲ್ಲಿ ಗಿಲ್‌ನೆಟ್ ಹಾಕುವಂತಿಲ್ಲ, ದಡದ ಹತ್ತಿರ 500 ಚದರ ಅಡಿಗಿಂತ ದೊಡ್ಡ ಯಾವ ಬಲೆಯೂ ಇಲ್ಲ.

ಅದೇ 1995ರಲ್ಲಿ ಕಾರ್ಟೆಜ್ ಊರನ್ನು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ಮೀನುಗಾರಿಕೆಯ ಪರಂಪರೆ ಉಳಿದ ಊರು ಅಂತ. ಬೋರ್ಡು ಬಂತು, ಬಲೆ ಹೋಯಿತು.

ಸರ್ಕಾರ ಬಲೆಗಳನ್ನು ಅಳತೆ ಮಾಡಿ ಕೊಂಡುಕೊಂಡಿತು. ತಲೆಮಾರಿನ ವಿದ್ಯೆಯನ್ನು ಗಜದ ಲೆಕ್ಕದಲ್ಲಿ. ಬಲೆಯ ಕಣ್ಣು ಎಷ್ಟು ಇಂಚಿದ್ದರೆ ಅದು ಗಿಲ್‌ನೆಟ್ ಅನ್ನುವುದರ ಮೇಲೆ ವರ್ಷಗಟ್ಟಲೆ ಕೋರ್ಟು ನಡೆಯಿತು. ಎರಡಿಂಚಿಗಿಂತ ಸಣ್ಣ ಕಣ್ಣಿನದ್ದೇ ಹಾಕಿ ಅಂದರು. ಅದರಲ್ಲಿ ದೊಡ್ಡ ಮಲೆಟ್ ನಿಲ್ಲುವುದಿಲ್ಲ, ಬರೀ ಮರಿ ಸಿಕ್ಕಿ ಸಾಯುತ್ತೆ. ಮೀನು ಉಳಿಸುವ ಕಾನೂನು ಮರಿ ಕೊಲ್ಲಿಸುತ್ತಿದೆ ಅನ್ನೋದು ಬೆಸ್ತರ ವಾದ. 2013ರಲ್ಲಿ ಒಬ್ಬ ನ್ಯಾಯಾಧೀಶೆ ಅದನ್ನು ಒಪ್ಪಿ ಜಾರಿಗೆ ತಡೆ ಕೊಟ್ಟರು, 2014ರಲ್ಲಿ ಮೇಲಿನ ಕೋರ್ಟು ತೆಗೆದುಹಾಕಿತು. ಉತ್ತರದ ಸೀಡರ್ ಕೀ ಊರಿನವರಿಗೆ ಮಾತ್ರ ಬದಲಿ ದಾರಿ ಸಿಕ್ಕಿತು. ಬೆಸ್ತರಿಗೆ ತರಬೇತಿ ಕೊಟ್ಟು, ಅದೇ ಆಳವಿಲ್ಲದ ನೀರನ್ನು ತುಂಡುತುಂಡು ಗುತ್ತಿಗೆಗೆ ಕೊಟ್ಟು, ಚೀಲಗಳಲ್ಲಿ ಚಿಪ್ಪು ಬೆಳೆಸಲು ಹಚ್ಚಿದರು. ನಮ್ಮ ಕರಾವಳಿಯವರು ಮರುವಾಯಿ, ಬಳಚು ಅನ್ನುತ್ತಾರಲ್ಲ ಆ ಬಳಗದ್ದು. ಇವತ್ತು ಫ್ಲೋರಿಡಾದ ಚಿಪ್ಪು ಬೆಳೆಯ ದೊಡ್ಡ ಪಾಲು ಅಲ್ಲಿಯದು. 2023ರಲ್ಲಿ ಇಡಾಲಿಯಾ, 2024ರಲ್ಲಿ ಹೆಲೀನ್, ಒಂದರ ಹಿಂದೊಂದು ಚಂಡಮಾರುತ ಬಂದು ಆ ಊರನ್ನೂ ಹಣ್ಣು ಮಾಡಿದವು.

ಈ ಜಗಳದಲ್ಲಿ ನನಗೆ ತಮಾಷೆ ಅನಿಸುವ, ಸಿಟ್ಟೂ ಬರುವ ಒಂದು ಅಂಶ ಇದೆ. ಬಲೆಯವರು ಮುಖ್ಯವಾಗಿ ಹಿಡಿಯುತ್ತಿದ್ದುದು ಮಲೆಟ್. ಮಲೆಟ್ ಪಾಚಿ, ಕೆಸರು ಸೋಸಿ ತಿನ್ನುವ ಮೀನು. ಗಾಳಕ್ಕೆ ಸುಲಭಕ್ಕೆ ಬಾಯಿ ಹಾಕಲ್ಲ. ಗಾಳದವರ ರೆಡ್‌ಫಿಶ್ ಮಾರಾಟ ನಿಷೇಧದ ಮುಂಚೆಯೇ ನಿಂತಿತ್ತು. ಅಂದರೆ ಒಬ್ಬರ ಕೈಯಿಂದ ಕಿತ್ತುಕೊಂಡ ಮೀನು ಇನ್ನೊಬ್ಬರ ಕೈಗೆ ಹೋಗಲೂ ಇಲ್ಲ. ದೊಡ್ಡ ಮೀನುಗಳ ಆಹಾರ ಅದು, ಅದು ಹೆಚ್ಚಿದರೆ ಎಲ್ಲವೂ ಹೆಚ್ಚುತ್ತೆ ಅನ್ನುವ ವಾದ ಇದೆ, ಸುಳ್ಳೇನಲ್ಲ. ಮಲೆಟ್ ಸಂತತಿ ಸುಧಾರಿಸಿದ್ದೂ ನಿಜ. ಆದರೆ ಹಿಡಿಯುವ ಪ್ರಮಾಣಕ್ಕೆ, ಕಾಲಕ್ಕೆ ಮಿತಿ ಹಾಕಿ ಇದನ್ನೇ ಸಾಧಿಸಬಹುದಿತ್ತು. ಹಾಗೆ ಮಾಡಿದ್ದರೆ ಬೆಸ್ತರು ಉಳಿಯುತ್ತಿದ್ದರು. ಸಂವಿಧಾನಕ್ಕೆ ಕೈ ಹಾಕಿದ್ದು ಮೀನಿಗಾಗಿ ಮಾತ್ರ ಅಂತ ನನಗೆ ಅನ್ನಿಸಲ್ಲ. ನೀರು ಯಾರ ಕಣ್ಣಿಗೆ ಚೆನ್ನಾಗಿ ಕಾಣಬೇಕು ಅನ್ನೋದೂ ಅದರಲ್ಲಿತ್ತು. ನಮ್ಮೂರ ಕಡೆ ಕೆರೆ ಮೀನಿನ ಹಕ್ಕು ಹರಾಜಾದ ವರ್ಷ, ದಿನಾ ಗಾಳ ಹಾಕುತ್ತಿದ್ದವರು ಏರಿ ಮೇಲೆ ಸುಮ್ಮನೆ ಕೂತು ನೀರು ನೋಡುತ್ತಿದ್ದರು. ಆ ಕೂರುವ ಭಂಗಿ ಕಾರ್ಟೆಜ್‌ನ ಹಳೆ ಫೋಟೊಗಳಲ್ಲೂ ಇದೆ.

ಇನ್ನೊಂದು ಮಾತು ಹೇಳಲೇಬೇಕು. ನೀರು ಸ್ವಚ್ಛವಾಗಿ, ಹುಲ್ಲು ಮರಳಿ ಬಂದದ್ದು ಬಲೆ ನಿಷೇಧದಿಂದ ಅಂತ ಬಹಳ ಜನ ನಂಬಿದ್ದಾರೆ. ಟ್ಯಾಂಪಾ ಕೊಲ್ಲಿಯಲ್ಲಿ 1950ರ ಸುಮಾರಿಗೆ 40,000 ಎಕರೆ ಕಡಲಹುಲ್ಲು ಇತ್ತು, 1982ಕ್ಕೆ ಸುಮಾರು 21,600ಕ್ಕೆ ಇಳಿಯಿತು. ಕಾರಣ ಬಲೆಯಲ್ಲ, ಊರಿನ ಕಕ್ಕಸಿನ ನೀರು. ಒಳಚರಂಡಿ ನೀರನ್ನು ಶುದ್ಧ ಮಾಡದೆ ಬಿಡಬಾರದು ಅಂತ ಕಾನೂನು ಮಾಡಿ, ದುಡ್ಡು ಸುರಿದು, ಸಾರಜನಕ ತಗ್ಗಿಸಿದ ಮೇಲೆ ನೀರು ತಿಳಿಯಾಗಿ, ಬಿಸಿಲು ತಳಕ್ಕೆ ಇಳಿದು, 2014ರ ಹೊತ್ತಿಗೆ ಹುಲ್ಲು ಮತ್ತೆ 40,000 ದಾಟಿತು. ಬೆಳ್ಳಂದೂರು ಕೆರೆಯ ನೊರೆ ಪಕ್ಕದಲ್ಲೇ ಆಫೀಸಿಗೆ ಹೋಗುವ ನಮಗೆ ಇದು ಒಳ್ಳೆ ಹೊಟ್ಟೆಕಿಚ್ಚಿನ ಸುದ್ದಿ. ಈ ಕತೆಯಲ್ಲಿ ನಿಜವಾದ ಹೀರೋ ಅಂತ ಯಾರಾದರೂ ಇದ್ದರೆ ಅದು ಚರಂಡಿ ಇಂಜಿನಿಯರು.

ಆದರೆ 2016ರ ನಂತರ ಹುಲ್ಲು ಮತ್ತೆ ಸಾವಿರಾರು ಎಕರೆ ಕಡಿಮೆಯಾಗಿದೆ. 2021ರ ವಸಂತದಲ್ಲಿ ಪೈನಿ ಪಾಯಿಂಟ್ ಎಂಬಲ್ಲಿ, ದಿವಾಳಿಯಾಗಿ ಮುಚ್ಚಿದ್ದ ರಸಗೊಬ್ಬರ ಕಾರ್ಖಾನೆಯ ಕೊಳ ಸೋರತೊಡಗಿತು. ಅದು ಒಡೆದರೆ ಸುತ್ತಲಿನ ಮನೆಗಳೇ ಕೊಚ್ಚಿಹೋಗುತ್ತವೆ ಅಂತ 21.5 ಕೋಟಿ ಗ್ಯಾಲನ್ ಪೋಷಕಾಂಶ ತುಂಬಿದ ನೀರನ್ನು ಕೊಲ್ಲಿಗೆ ಬಿಟ್ಟರು. ಆ ಬೇಸಿಗೆ ಕೆಂಪು ಪಾಚಿ ಎದ್ದು, ಸತ್ತ ಮೀನನ್ನು ಟನ್ನುಗಟ್ಟಲೆ ಬಾಚಿ ಎಸೆಯಬೇಕಾಯಿತು. ಗಾಳ, ಬಲೆ ಎರಡೂ ಸೇರಿದರೂ ಆಗದ ಕೆಲಸ.

ಆ ಸೀಮೆಯ ಗೊಬ್ಬರ ಯಾವುದು ಗೊತ್ತಾ? ಟ್ಯಾಂಪಾದ ಪೂರ್ವಕ್ಕೆ ಭೂಮಿಯಡಿ ಫಾಸ್ಫೇಟ್ ಇದೆ. ಅದನ್ನು ಅಗೆದು ಮಾಡುವ ಡಿಎಪಿ ಟ್ಯಾಂಪಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಲೋಕದ ಡಿಎಪಿ ದರವನ್ನು 'ಟ್ಯಾಂಪಾ ದರ' ಅಂತಲೇ ಹೇಳುತ್ತಿದ್ದ ಕಾಲ ಅದು, ಭಾರತ ಅದರ ದೊಡ್ಡ ಗಿರಾಕಿಗಳಲ್ಲಿ ಒಂದು. ಸೊಸೈಟಿ ಮುಂದೆ ಸಾಲು ನಿಂತು ಅಪ್ಪ ತರುತ್ತಿದ್ದ ಗೊಬ್ಬರದ ಚೀಲ, ಅದರಲ್ಲಿ ಎಷ್ಟು ಆ ಕೊಲ್ಲಿ ದಾಟಿ ಬಂದಿತ್ತೋ. ಗೊಬ್ಬರ ನಮ್ಮ ಹೊಲಕ್ಕೆ ಬಂತು. ಅದನ್ನು ಮಾಡಿದಾಗ ಉಳಿದ ಬೂದಿ ಬೆಟ್ಟಗಳು, ಹುಳಿ ನೀರಿನ ಕೊಳಗಳು ಅಲ್ಲೇ ಉಳಿದವು.

ಕಾರ್ಟೆಜ್ ಪೂರ್ತಿ ಮುಗಿದಿಲ್ಲ. ಡಿಸೆಂಬರ್‌ನಲ್ಲಿ ಗಾಳಿ ಉತ್ತರಕ್ಕೆ ತಿರುಗಿದಾಗ ಇವತ್ತಿಗೂ ಅಲ್ಲಿ ದೋಣಿಗಳು ಹೊರಡುತ್ತವೆ, ಬೀಸುಬಲೆ ಹಿಡಿದುಕೊಂಡು. ಕೈಯಲ್ಲಿ ಬೀಸುವ ಆ ದುಂಡುಬಲೆಗೆ ಕಾನೂನು ಅವಕಾಶ ಕೊಟ್ಟಿದೆ. ಮೊಣಕೈ, ಭುಜ ಎಲ್ಲ ಸೋತುಹೋಗುವ ಕೆಲಸ. ಅತ್ತ ಹುಲ್ಲಿನ ಗುಂಡಿಯ ಪಕ್ಕ ಹಳದಿ, ಕಿತ್ತಳೆ ಕಯಾಕುಗಳು ಸದ್ದಿಲ್ಲದೆ ನಿಂತಿರುತ್ತವೆ. ಮಲೆಟ್ ಮೊಟ್ಟೆಯ ಬಹುಪಾಲು ಈಗಲೂ ಪರದೇಶಕ್ಕೆ ಹೋಗುತ್ತೆ. ಸ್ವಲ್ಪ ಭಾಗವನ್ನು ಮಾತ್ರ ಊರಲ್ಲೇ ಉಪ್ಪು ಹಾಕಿ, ಒತ್ತಿ, ಬಿಸಿಲಿಗೆ ಒಣಗಿಸಿ, ಬೊಟಾರ್ಗಾ ಅನ್ನುವ ಇಟಲಿಯ ಹೆಸರಿಟ್ಟು ಪೇಟೆಯ ದುಬಾರಿ ಹೋಟೆಲುಗಳಿಗೆ ಮಾರುತ್ತಾರೆ. ಹವಾನಾಕ್ಕೆ ಹೋಗುತ್ತಿದ್ದ ಒಣಮೀನಿನ ಜೊತೆ ಆ ಕ್ಯೂಬನ್ ಬೆಸ್ತರು ಇದೇ ಮೊಟ್ಟೆಯನ್ನು ಹೀಗೇ ಒಣಗಿಸಿ ಒಯ್ಯುತ್ತಿದ್ದರು.